ಏಪ್ರಿಲ್ ಆದ್ಕೂಡ್ಲೆ ಆಗಸ್ಟ್ ಬಂತ?

(ಕಾರವಾರದಲ್ಲಿ ಮಳೆಗಾಲದ ಒಂದು ಭಾನುವಾರ ಶಿಕ್ಷಕರು, ವಿದ್ಯಾರ್ಥಿಗಳು, ಸಹಕಾರಿ ಸಂಘ ಮತ್ತು ಪಂಚಾಯಿತಿಗಳಲ್ಲಿ ಲೆಕ್ಕ ಬರೆಯುವವರ ಎದುರು ಆಡಿದ ಮಾತುಗಳ ಬರಹ ರೂಪ. ಮಧ್ಯೆ ಎರಡು ಸಲ ಕರೆಂಟ್ ಹೋಗಿತ್ತು. ಆಗ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದೂ ಇಲ್ಲಿ ಸೇರಿದೆ.)

ನಮಸ್ಕಾರ.

ಬೆಳಿಗ್ಗೆ ಶಿರಸಿಯಲ್ಲಿ ಬಸ್ಸು ಹತ್ತಿದೆ. ದೇವಿಮನೆ ಘಟ್ಟ ಇಳಿದು ಕುಮಟಾ, ಆಮೇಲೆ ಅಂಕೋಲಾ, ಕೊನೆಗೆ ಕಾರವಾರ. ಕಂಡಕ್ಟರ್ ಕೂಗಿದ್ದೂ ಇದೇ ಕ್ರಮದಲ್ಲಿ. ಅಂಕೋಲಾ 'ಅ'ದಿಂದ ಶುರುವಾಗುತ್ತದೆ ಅಂತ ಅದನ್ನು ಮೊದಲು ಕೂಗಲಿಲ್ಲ. ಕೂಗಿದ್ದರೆ ಅಂಕೋಲಾದವರೆಲ್ಲ ಕುಮಟಾದಲ್ಲಿ ಇಳಿದು ಮಳೆಯಲ್ಲಿ ನಿಲ್ಲುತ್ತಿದ್ದರು.

ಈ ಕಂಡಕ್ಟರಿಗೆ ಗೊತ್ತಿರುವುದು ನಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ. ಚಾರ್ಟಿನಲ್ಲಿ ಕಂಬಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕು, ಅವುಗಳ ಬುಡದಲ್ಲಿ, ಪಕ್ಕದಲ್ಲಿ ಏನಂತ ಬರೆಯಬೇಕು. ಇಷ್ಟು ಚಿಕ್ಕ ವಿಷಯಕ್ಕೆ ಒಂದೂವರೆ ಗಂಟೆ ಕೊಟ್ಟಿದ್ದಾರೆ. ಸಾಲುವುದಿಲ್ಲ ಅಂತ ಕಾಣುತ್ತದೆ.

ನನಗೆ ಇದರ ಪಾಠ ಆದದ್ದು ಒಂದು ಸಭೆಯಲ್ಲಿ, ಎಲ್ಲರ ಎದುರು. ಕೆಲವು ವರ್ಷದ ಹಿಂದೆ ಘಟ್ಟದ ಮೇಲಿನ ಒಂದು ಸಹಕಾರಿ ಸಂಘದ ವಾರ್ಷಿಕ ಸಭೆಗೆ ಮಳೆಯ ಚಾರ್ಟ್ ಮಾಡಿಕೊಟ್ಟಿದ್ದೆ. ಆ ವರ್ಷ ಅಡಿಕೆಗೆ ಕೊಳೆ ರೋಗ ಜೋರಾಗಿ ಬಂದಿತ್ತು. ಕೊಳೆ ಔಷಧಿ ಹೊಡೆಯುವ ಲೆಕ್ಕ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ, 40–45 ದಿನ ಬಿಟ್ಟು ಇನ್ನೊಂದು ಸಲ. ಮಧ್ಯೆ ಮಳೆ ಬಿಡುವು ಕೊಡದಿದ್ದರೆ ಎರಡನೆಯದು ತಪ್ಪುತ್ತದೆ. ಹಾಗಾಗಿ ಯಾವ ತಿಂಗಳ ಹಿಂದೆ ಯಾವ ತಿಂಗಳು, ಎಷ್ಟು ಮಳೆ ಅನ್ನೋದೇ ಅಲ್ಲಿದ್ದವರ ಪ್ರಶ್ನೆ.

ರಾತ್ರಿ ಹನ್ನೊಂದಕ್ಕೆ ಚಾರ್ಟ್ ಮುಗಿಸಿದೆ. ನೀಲಿ ಕಂಬಗಳು, ನೋಡಲಿಕ್ಕೆ ಚೆಂದವೇ ಇತ್ತು. ತಿಂಗಳ ಹೆಸರು ಇಂಗ್ಲಿಷಿನಲ್ಲಿತ್ತು. ಮರುದಿನ ಪರದೆ ಮೇಲೆ ಹಾಕಿದ ಅರ್ಧ ನಿಮಿಷಕ್ಕೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದರು.

"ಎಂತದಾ ತಮಾ ಇದು? ಏಪ್ರಿಲ್ ಆದ್ಕೂಡ್ಲೆ ಆಗಸ್ಟ್ ಬಂತ? ಮಳೆಗಾಲ ಎಲ್ಲಿ ಹೋತು?"

ತಿರುಗಿ ನೋಡಿದೆ. ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ. ಎಬಿಸಿಡಿ ಕ್ರಮ. ಜುಲೈ ಮೊದಲು, ಜೂನ್ ಆಮೇಲೆ. ಸಭೆಯೆಲ್ಲ ನಕ್ಕಿತು. ಅಂಕಿ ಒಂದೂ ತಪ್ಪಿರಲಿಲ್ಲ. ಆದರೂ ಆ ಚಾರ್ಟಿನಿಂದ ಯಾರಿಗೂ ಏನೂ ತಿಳಿಯಲಿಲ್ಲ.

ತಪ್ಪು ತಂತ್ರಾಂಶದ್ದು ಅಂತ ಅವತ್ತು ಹೇಳಿಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಅದರ ಕಣ್ಣಿಗೆ 'ಜೂನ್' ಅನ್ನೋದು ಬರೀ ಅಕ್ಷರ. ಹೆಚ್ಚಿನ ತಂತ್ರಾಂಶಗಳು ಹೀಗೇ. ಏನೂ ಹೇಳದೇ ಬಿಟ್ಟರೆ ಅಕ್ಷರಮಾಲೆ ಹಿಡಿಯುತ್ತವೆ, ಇಲ್ಲವೇ ಹಾಳೆಯಲ್ಲಿ ಹೇಗಿತ್ತೋ ಹಾಗೇ ಬಿಡುತ್ತವೆ. ಆಮೇಲೆ ಹೇಳಬೇಕಾದವರು ನಾವು.

ಕನ್ನಡದಲ್ಲಿ ಬರೆದರೆ ಸರಿಯಾಗುತ್ತದೆ ಅಂದುಕೊಳ್ಳಬೇಡಿ. ಆಗ ವರ್ಷ ಅಕ್ಟೋಬರಿನಿಂದ ಶುರು. ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ. ವಾರ ಗುರುವಾರದಿಂದ ಶುರು, ಸೋಮವಾರಕ್ಕೆ ಮುಗಿಯುತ್ತದೆ. ವಿದ್ಯಾಭ್ಯಾಸದ ಚಾರ್ಟಂತೂ ಇನ್ನೂ ಮಜಾ. ಪದವಿ, ಪಿಯುಸಿ, ಪ್ರಾಥಮಿಕ, ಪ್ರೌಢ. ಡಿಗ್ರಿ ಮುಗಿಸಿ ಒಂದನೇ ಕ್ಲಾಸಿಗೆ ಸೇರಿದ ಹಾಗೆ! ಅಭಿಪ್ರಾಯ ಕೇಳಿದ ಸಮೀಕ್ಷೆಯಾದರೆ 'ಚೆನ್ನಾಗಿದೆ'ಯ ಪಕ್ಕದಲ್ಲೇ 'ಚೆನ್ನಾಗಿಲ್ಲ' ಬಂದು ಕೂರುತ್ತದೆ. 'ತುಂಬಾ ಚೆನ್ನಾಗಿದೆ' ಅದರ ಆಚೆ. 'ಇತರೆ' ಅನ್ನೋದು ಕೊನೆಯಲ್ಲಿ ಇರಬೇಕಾದ ಪಾಪದ ಪ್ರಾಣಿ, ಅದು 'ಇ' ಅಂತ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತದೆ.

ಅಂಕಿಗಳದ್ದೂ ಇದೇ ಪಾಡು. ವಾರ್ಡ್ 1 ಆದ ಮೇಲೆ ವಾರ್ಡ್ 10, 11, 12, ಹೀಗೆ 19 ಮುಗಿದ ಮೇಲೆ ವಾರ್ಡ್ 2. ಅಕ್ಷರದಂತೆ ಓದಿದರೆ ಹಾಗೇ. ವಯಸ್ಸಿನ ಗುಂಪಿನಲ್ಲಿ 5–9ರ ಮಕ್ಕಳು 45–49ರವರ ಪಕ್ಕ ಕೂರುತ್ತಾರೆ. ಎಕ್ಸೆಲ್‌ನಲ್ಲಿ ಇನ್ನೊಂದು ಹೆಚ್ಚು ಕಾಟ. '5-9' ಅಂತ ಟೈಪ್ ಮಾಡಿದರೆ ಅದು ತಾರೀಕು ಅಂತ ತಿಳಿದು ಬದಲಾಯಿಸಿಬಿಡುತ್ತದೆ. ಇದು ನಮ್ಮ ನಿಮ್ಮ ತೊಂದರೆ ಮಾತ್ರ ಅಲ್ಲ. ಮನುಷ್ಯರ ಕೆಲವು ಜೀನ್‌ಗಳ ಗುರುತಿನ ಹೆಸರು ಮಾರ್ಚ್, ಸೆಪ್ಟೆಂಬರ್ ಥರ ಇದ್ದವು. ಎಕ್ಸೆಲ್ ಅವನ್ನೂ ತಾರೀಕು ಮಾಡುತ್ತಿತ್ತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಆ ಹೆಸರುಗಳನ್ನು ಬದಲಿಸಿತು. 2020ರಲ್ಲಿ ಅದು ದೊಡ್ಡ ಸುದ್ದಿ.

ಪರಿಹಾರ ಸುಲಭ. ಹಾಳೆಯಲ್ಲಿ 'ಕ್ರಮ' ಅಂತ ಒಂದು ಕಾಲಂ ಹೆಚ್ಚಿಗೆ ಹಾಕಿ. ಜೂನಿಗೆ 1, ಜುಲೈಗೆ 2. ಅದರ ಪ್ರಕಾರ ಸಾರ್ಟ್ ಮಾಡಿ, ಅಂದರೆ ಸಾಲಾಗಿ ಜೋಡಿಸಿ. ಎಕ್ಸೆಲ್‌ನಲ್ಲಿ ಕಸ್ಟಮ್ ಲಿಸ್ಟ್ ಅಂತ ಇದೆ, ಕನ್ನಡದ ತಿಂಗಳುಗಳನ್ನು ಒಮ್ಮೆ ಅಲ್ಲಿ ತುಂಬಿಸಿಟ್ಟರೆ ಮುಗಿಯಿತು. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರು ಫ್ಯಾಕ್ಟರ್ ಮಾಡಿ ಲೆವೆಲ್ ಕೊಡಬೇಕು, ಪೈಥಾನಿನವರು ಪಾಂಡಾಸ್‌ನ ಕೆಟಗರಿಕಲ್ ಬಳಸಬೇಕು. ಎಲ್ಲದರ ಅರ್ಥ ಒಂದೇ, ಯಾರ ಹಿಂದೆ ಯಾರು ಅಂತ ನೀವೇ ಹೇಳಿಕೊಡುವುದು.

ಜೂನಿಗೆ 1 ಅಂದೆ, ಗಮನಿಸಿದಿರಾ? ಜನವರಿಗೆ ಯಾಕಲ್ಲ?

ವರ್ಷ ಎಲ್ಲಿಂದ ಶುರುವಾಗುತ್ತದೆ ಅನ್ನೋದು ಯಾರ ವರ್ಷ ಅನ್ನೋದರ ಮೇಲೆ. ಬ್ಯಾಂಕಿನವರಿಗೆ ಏಪ್ರಿಲ್. ಶಾಲೆಗೆ, ಮಳೆಗೆ ಜೂನ್. ಬೈತಖೋಲ್ ಬಂದರಿನಲ್ಲಿ ಕೇಳಿ, ಆಗಸ್ಟ್ ಅನ್ನುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಂಗಡೆ, ತಾರ್ಲೆ ಎಷ್ಟು ಸಿಕ್ಕಿತು ಅಂತ ಜನವರಿಯಿಂದ ಡಿಸೆಂಬರ್ ಚಾರ್ಟ್ ಬರೆದರೆ ನಡುಮಧ್ಯೆ ಹೊಂಡ. ಹಲ್ಲು ಬಿದ್ದ ಬಾಯಿಯ ಹಾಗೆ. ಒಂದೇ ಹಂಗಾಮು ಎರಡು ತುಂಡಾಗಿ ಎರಡು ದಿಕ್ಕಿಗೆ ಹೋಗುತ್ತದೆ. ಆಗಸ್ಟಿನಿಂದ ಶುರು ಮಾಡಿ ಮೇ ತಿಂಗಳಿಗೆ ನಿಲ್ಲಿಸಿ ನೋಡಿ. ಹಂಗಾಮು ಹೇಗೆ ಏರಿತು, ಹೇಗೆ ಇಳಿಯಿತು ಅಂತ ಒಂದೇ ಉಸಿರಿಗೆ ಕಾಣುತ್ತದೆ. ಜೂನ್, ಜುಲೈ ಬೇಕೇ ಬೇಕು ಅಂದರೆ ಕೊನೆಯಲ್ಲಿ ಹಾಕಿ, ಅಲ್ಲಿ ಸೊನ್ನೆ ಬರೆಯಬೇಡಿ. 'ನಿಷೇಧ' ಅಂತ ಬರೆಯಿರಿ. ಬಲೆ ಹಾಕಿಯೂ ಮೀನು ಸಿಗದಿರುವುದು ಬೇರೆ, ಬಲೆಯನ್ನೇ ಹಾಕದಿರುವುದು ಬೇರೆ, ಅಲ್ವಾ?

(ಇಲ್ಲಿ ಕರೆಂಟ್ ಹೋಯಿತು. ಬೋರ್ಡಿಗೆ ಹೋದೆ.)

ಸರಿ, ನಮ್ಮ ಜಿಲ್ಲೆಯ ತಾಲೂಕುಗಳನ್ನು ಬರೆಯೋಣ. ಹೇಳಿ. ಅಂಕೋಲಾ, ಕಾರವಾರ, ಕುಮಟಾ, ಜೋಯಿಡಾ, ದಾಂಡೇಲಿ, ಭಟ್ಕಳ, ಮುಂಡಗೋಡ, ಯಲ್ಲಾಪುರ, ಶಿರಸಿ, ಸಿದ್ದಾಪುರ, ಹಳಿಯಾಳ, ಹೊನ್ನಾವರ. ಹನ್ನೆರಡು. ಇದು ಅಕಾರಾದಿ. ಇಂಗ್ಲಿಷಿನಲ್ಲಿ ಬರೆದರೆ ಭಟ್ಕಳ ಎರಡನೆಯದು, ಯಲ್ಲಾಪುರ ಕೊನೆಯದು. ಜೋಯಿಡಾವನ್ನು ಹಳೇ ಹೆಸರಿನಲ್ಲಿ ಸೂಪಾ ಅಂತ ಬರೆದರೆ ಅದು ನಾಲ್ಕನೇ ಜಾಗದಿಂದ ಜಿಗಿದು ಸಿದ್ದಾಪುರದ ಆಚೆ ಹೋಗುತ್ತದೆ. ಹೆಸರು ಬದಲಾದರೆ ಜಾಗ ಬದಲಾಗುವ ಕ್ರಮದಿಂದ ಮಳೆಯ ಬಗ್ಗೆ ಏನು ತಿಳಿಯುತ್ತದೆ ಹೇಳಿ.

ಈಗ ಇದನ್ನೇ ಬೇರೆ ಥರ ಬರೆಯುತ್ತೇನೆ. ಮೊದಲು ಕರಾವಳಿ, ಬಡಗಿನಿಂದ ತೆಂಕಿಗೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಹೊಳೆಗಳೂ ಇದೇ ಸಾಲಿನಲ್ಲಿ ಬರುತ್ತವೆ ನೋಡಿ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಆಮೇಲೆ ಘಟ್ಟದ ಮೇಲಿನವು, ಜೋಯಿಡಾ, ಯಲ್ಲಾಪುರ, ಶಿರಸಿ, ಸಿದ್ದಾಪುರ. ಕೊನೆಗೆ ಬಯಲುಸೀಮೆಗೆ ತಾಗಿದವು, ದಾಂಡೇಲಿ, ಹಳಿಯಾಳ, ಮುಂಡಗೋಡ. ಮೂರು ಗುಂಪು, ಮಧ್ಯೆ ಸ್ವಲ್ಪ ಜಾಗ. ವರ್ಷದ ಮಳೆ ಕರಾವಳಿಯಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಮುಂಡಗೋಡ, ಹಳಿಯಾಳದಲ್ಲಿ ಅದರ ಅರ್ಧವೂ ಇಲ್ಲ. ಅಕಾರಾದಿಯಲ್ಲಿ ಬರೆದರೆ ಕಂಬಗಳು ಮುರಿದ ಬಾಚಣಿಗೆಯ ಹಾಗೆ ಮೇಲೆ ಕೆಳಗೆ. ಭಟ್ಕಳದ ಎತ್ತರದ ಕಂಬದ ಪಕ್ಕ ಮುಂಡಗೋಡದ ಗಿಡ್ಡ ಕಂಬ. ಯಾಕೆ ಅಂತ ಯಾರೂ ಹೇಳಲಾರರು. ಈ ಸಾಲಿನಲ್ಲಿ ಹಾಕಿದರೆ ಕಡಲಿನಿಂದ ಬಯಲಿಗೆ ಮಳೆ ಹೇಗೆ ಇಳಿಯುತ್ತಾ ಹೋಗುತ್ತದೆ ಅಂತ ಕಾಣುತ್ತದೆ.

ಪ್ರಶ್ನೆ ಬೇರೆಯಾದರೆ ಕ್ರಮವೂ ಬೇರೆ. ಯಾವ ತಾಲೂಕಿನಲ್ಲಿ ಶಿಕ್ಷಕರ ಹುದ್ದೆ ಜಾಸ್ತಿ ಖಾಲಿ ಇದೆ ಅಂತ ಕೇಳಿದರೆ ಭೂಗೋಳ ಯಾಕೆ ಬೇಕು? ದೊಡ್ಡದರಿಂದ ಚಿಕ್ಕದಕ್ಕೆ ಹಾಕಿ. ಸಹಜ ಕ್ರಮ ಯಾವುದೂ ಇಲ್ಲದಿದ್ದಾಗ ಅಳತೆಯ ಕ್ರಮವೇ ಒಳ್ಳೆಯದು. ಅಡ್ಡ ಕಂಬದ ಚಾರ್ಟಿನಲ್ಲಿ ಒಂದು ಎಚ್ಚರ ಬೇಕು. ಎಕ್ಸೆಲ್ ಇರಲಿ, ಆರ್ ಭಾಷೆಯಲ್ಲಿ ಚಾರ್ಟ್ ಬರೆಯುವ ಜಿಜಿಪ್ಲಾಟ್ ಇರಲಿ, ಮೊದಲಿನದನ್ನು ಕೆಳಗೆ ಹಾಕುತ್ತವೆ. ಪಟ್ಟಿಯಲ್ಲಿ ಮೇಲಿದ್ದದ್ದು ಚಾರ್ಟಿನಲ್ಲಿ ತಳಕ್ಕೆ ಹೋಗುತ್ತದೆ. ಗಾಬರಿ ಬೇಡ, ಅಕ್ಷವನ್ನು, ಅಂದರೆ ಹೆಸರು, ಅಳತೆ ಬರೆಯುವ ಅಂಚಿನ ಗೆರೆಯನ್ನು, ತಿರುಗಿಸುವ ಆಯ್ಕೆ ಎಲ್ಲದರಲ್ಲೂ ಇದೆ.

ದೊಡ್ಡದರಿಂದ ಚಿಕ್ಕದಕ್ಕೆ ಅಂದೆ. ಅದೂ ಎಲ್ಲ ಕಡೆ ನಡೆಯುವುದಿಲ್ಲ. ಶಿರಸಿಯ ಅಡಿಕೆ ಮಾರುಕಟ್ಟೆ ಗೊತ್ತಲ್ಲ. ಅಡಿಕೆಯ ಬಗೆಗಳು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ. ದರದ ಪಟ್ಟಿ ನೋಡುವವರ ಕಣ್ಣಿಗೆ ಯಾವುದು ಎಲ್ಲಿರುತ್ತದೆ ಅಂತ ಅಭ್ಯಾಸವಾಗಿರುತ್ತದೆ. ಚಾಲಿ ಮಾರುವವರು ಓದುವುದೇ ಇಲ್ಲ, ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ನೀವು ದಿನಾ ದರದ ಪ್ರಕಾರ ಸಾರ್ಟ್ ಮಾಡಿದ ಚಾರ್ಟ್ ಕಳಿಸಿದರೆ ಇವತ್ತು ಮೂರನೆಯದಾಗಿದ್ದ ಚಾಲಿ ನಾಳೆ ಎರಡನೆಯದು. ಅವರು ದಿನಾ ಹುಡುಕಬೇಕು. ದಿನಾ, ವಾರಾ ಬರುವ ಚಾರ್ಟಿಗೆ ಒಂದು ಕ್ರಮ ಹಿಡಿದರೆ ಅದನ್ನು ಬಿಡಬೇಡಿ. ಚಾರ್ಟ್ ಮಾಡುವವರು ಈ ವಿಷಯಕ್ಕೆ ಸಾಕಷ್ಟು ಬೆಲೆ ಕೊಡುವುದಿಲ್ಲ ಅಂತ ನನ್ನ ಭಾವನೆ.

ಸಾರ್ಟ್ ಮಾಡಿ ಕೆಟ್ಟ ಒಂದು ಚಾರ್ಟ್ ಇಡೀ ಲೋಕಕ್ಕೆ ಗೊತ್ತು. 2020ರ ಮೇ ತಿಂಗಳು, ಕೊರೊನಾ ಕಾಲ. ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ ಐದು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳ ಥರದವುಗಳ, ಸೋಂಕಿನ ಚಾರ್ಟ್ ಹಾಕಿತು. ಕಂಬಗಳು ಎಡದಿಂದ ಬಲಕ್ಕೆ ಚೆಂದಾಗಿ ಇಳಿಯುತ್ತಾ ಹೋಗಿದ್ದವು. ಕೊರೊನಾ ಕಡಿಮೆಯಾಗುತ್ತಿದೆ ಅನ್ನಿಸುತ್ತಿತ್ತು. ಕೆಳಗಿನ ತಾರೀಕು ಓದಿದವರಿಗೆ ಗೊತ್ತಾಯಿತು, ಮೇ 1 ಆದ ಮೇಲೆ ಏಪ್ರಿಲ್ 30 ಬಂದಿದೆ! ದಿನಗಳನ್ನೇ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಗೆ ಜೋಡಿಸಿಬಿಟ್ಟಿದ್ದರು. ಹಾಗೆ ಜೋಡಿಸಿದರೆ ಯಾವ ರೋಗವಾದರೂ ಇಳಿಯುತ್ತದೆ. ಸಾಲದ್ದಕ್ಕೆ ಒಂದೊಂದು ದಿನದೊಳಗೆ ಕೌಂಟಿಗಳ ಕ್ರಮವೂ ಬೇರೆ ಬೇರೆ. ಇಲಾಖೆ ಕ್ಷಮೆ ಕೇಳಿ ಸರಿಪಡಿಸಿತು. ಬೇಕಂತ ಮಾಡಿದರೋ ಕೈತಪ್ಪಿತೋ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನ ಮಳೆಯ ಚಾರ್ಟ್ ಮಾಡಿದ ರಾತ್ರಿ ನೆನಪಿದೆ, ಕೈತಪ್ಪುವುದು ಎಷ್ಟು ಸಲೀಸು ಅಂತ ಗೊತ್ತು.

ಇನ್ನು ಬರವಣಿಗೆ.

ಮೊದಲು ದೊಡ್ಡ ಅಂಕಿಗಳು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 14,37,169. ಹದಿನಾಲ್ಕು ಲಕ್ಷ ಮೂವತ್ತೇಳು ಸಾವಿರ, ಓದಿದ ಕೂಡಲೇ ತಲೆಗೆ ಹೋಗುತ್ತದೆ. ಅದನ್ನೇ 1,437,169 ಅಂತ ಬರೆಯಿರಿ. ಬೆರಳಿಟ್ಟು ಹಿಂದಿನಿಂದ ಎಣಿಸಬೇಕು. ಕೆಲವು ತಂತ್ರಾಂಶಗಳು ಮಿಲಿಯನ್ನಿಗೆ, ಅಂದರೆ ಹತ್ತು ಲಕ್ಷಕ್ಕೆ, 'ಎಂ', ಸಾವಿರಕ್ಕೆ 'ಕೆ' ಅಂತ ಹಾಕುತ್ತವೆ. 0.5 ಎಂ ಅಂದರೆ ಐದು ಲಕ್ಷ ಅಂತ ಸಂಘದ ಸದಸ್ಯರು ಯಾಕೆ ಲೆಕ್ಕ ಹಾಕಬೇಕು? ಆರ್ ಭಾಷೆಯಲ್ಲಿ ಒಂದು ಲಕ್ಷ ಬರೆಯುವ ಕಡೆ ಒಂದು, ಇಂಗ್ಲಿಷಿನ 'ಇ', ಅಧಿಕ ಚಿಹ್ನೆ, ಸೊನ್ನೆ, ಐದು ಅಂತ ಬರುತ್ತದೆ. ಮೊದಲ ಸಲ ನೋಡಿದವರು ಪ್ರಿಂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ವಿಂಡೋಸ್‌ನಲ್ಲಿ ಪ್ರದೇಶ ಭಾರತ ಅಂತ ಆರಿಸಿದರೆ ಎಕ್ಸೆಲ್ ಲಕ್ಷ, ಕೋಟಿಗೆ ಸರಿಯಾಗಿ ಅಲ್ಪವಿರಾಮ ಹಾಕುತ್ತದೆ. ಅದು ಆಗದಿದ್ದರೆ ನಂಬರ್ ಫಾರ್ಮ್ಯಾಟಿನ ಕಸ್ಟಮ್ ಜಾಗದಲ್ಲಿ ಇದನ್ನು ಹಾಕಿ, ಬೋರ್ಡಿನಿಂದ ಬರೆದುಕೊಳ್ಳಿ:

[>=10000000]##\,##\,##\,##0;[>=100000]##\,##\,##0;##,##0

ಅಕ್ಷದ ಮೇಲೆ ಅಷ್ಟೂ ಬೇಡ ಅಂದರೆ '0, 5 ಲಕ್ಷ, 10 ಲಕ್ಷ, 15 ಲಕ್ಷ' ಅಂತ ಬರೆದರೆ ಸಾಕು. ಅಕ್ಷ ಇರುವುದು ಅಂದಾಜಿಗೆ. ಸರಿಯಾದ ಅಂಕಿ ಬೇಕಿದ್ದರೆ ಕಂಬದ ತುದಿಯಲ್ಲಿ ಬರೆಯಿರಿ, ಆಗ ಅಕ್ಷದ ಅಂಕಿಗಳನ್ನೇ ತೆಗೆದುಬಿಡಬಹುದು.

ಅಳತೆಯನ್ನು ಒಂದೇ ಸಲ ಹೇಳಿ, ಆದರೆ ಹೇಳಿ. ಅಡಿಕೆ ದರ ಕ್ವಿಂಟಲಿಗೋ ಕಿಲೋಕ್ಕೋ? ನಮ್ಮಲ್ಲಿ ಮಾತೆಲ್ಲ ಕ್ವಿಂಟಲಿನಲ್ಲಿ, ಅದರಲ್ಲೇ ಬರೆಯಿರಿ. ಮತ್ತೆ, ಕಂಬದ ಚಾರ್ಟ್ ಆದರೆ ಸೊನ್ನೆಯಿಂದ ಶುರುವಾಗಲೇಬೇಕು. ಓದುವವರು ಅಳೆಯುವುದು ಕಂಬದ ಉದ್ದವನ್ನು. 44,000ದಿಂದ ಶುರು ಮಾಡಿದರೆ 45,000ದ ಕಂಬಕ್ಕಿಂತ 46,000ದ ಕಂಬ ಎರಡು ಪಟ್ಟು ಕಾಣುತ್ತದೆ. ದರದ ಏರಿಳಿತವೇ ತೋರಿಸಬೇಕು ಅಂದರೆ ಕಂಬ ಬಿಟ್ಟು ಚುಕ್ಕಿ, ಗೆರೆ ಹಾಕಿ. ಅಲ್ಲಿ ಕಣ್ಣು ನೋಡುವುದು ಜಾಗವನ್ನು, ಸೊನ್ನೆ ಕಡ್ಡಾಯ ಅಲ್ಲ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಜನರ ಮೇಲೆ ಪರೀಕ್ಷೆ ಮಾಡಿ, ಒಂದೇ ಅಳತೆಪಟ್ಟಿಯ ಮೇಲಿನ ಜಾಗವನ್ನು ಕಣ್ಣು ಎಲ್ಲಕ್ಕಿಂತ ಸರಿಯಾಗಿ ಅಂದಾಜು ಮಾಡುತ್ತದೆ ಅಂತ ತೋರಿಸಿದರು.

ಆಮೇಲೆ ಉದ್ದ ಹೆಸರುಗಳು. 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ' ಅನ್ನೋದನ್ನು ನಿಂತ ಕಂಬದ ಬುಡದಲ್ಲಿ ಬರೆಯಲು ಹೋದರೆ ತಂತ್ರಾಂಶ ಅದನ್ನು ಓರೆ ಮಾಡುತ್ತದೆ, ಇಲ್ಲವೇ ಪೂರ್ತಿ ನಿಲ್ಲಿಸುತ್ತದೆ. ಓದುವವರು ಕತ್ತು ಬಗ್ಗಿಸಬೇಕು. ಅಕ್ಷರ ಚಿಕ್ಕದು ಮಾಡಬೇಡಿ, ಚಾರ್ಟನ್ನೇ ಮಲಗಿಸಿ. ಅಡ್ಡ ಕಂಬಕ್ಕೆ ಎಷ್ಟುದ್ದ ಹೆಸರಾದರೂ ಎಡಗಡೆ ಆರಾಮಾಗಿ ಕೂರುತ್ತದೆ. ಇಂಥ ಚಾರ್ಟುಗಳನ್ನು ಬಳಕೆಗೆ ತಂದ ವಿಲಿಯಂ ಪ್ಲೇಫೇರ್ 1786ರಲ್ಲಿ ಸ್ಕಾಟ್ಲೆಂಡಿನ ಆಮದು ರಫ್ತು ತೋರಿಸಲು ಬರೆದ ಕಂಬದ ಚಾರ್ಟೂ ಅಡ್ಡವೇ. ಹಾಗೇ ಎಲ್ಲ ಹೆಸರಿನಲ್ಲೂ ಬರುವ ಪದವನ್ನು ಕಿತ್ತುಹಾಕಿ. 'ಶಿರಸಿ ತಾಲೂಕು, ಕುಮಟಾ ತಾಲೂಕು' ಅಂತ ಹನ್ನೆರಡು ಸಲ ಯಾಕೆ? ಮೇಲೆ ಒಮ್ಮೆ 'ತಾಲೂಕುವಾರು' ಅಂದರೆ ಮುಗಿಯಿತು.

ಕನ್ನಡದ್ದೇ ಆದ ಒಂದು ತೊಂದರೆ ಇದೆ. ಪೈಥಾನಿನಲ್ಲಿ ಚಾರ್ಟ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ಫಾಂಟಿನಲ್ಲಿ ಕನ್ನಡವೇ ಇಲ್ಲ, ಬರೀ ಚೌಕಗಳು ಬರುತ್ತವೆ. ಕನ್ನಡ ಫಾಂಟ್ ಕೊಟ್ಟರೂ ಬಹಳ ಕಾಲದಿಂದ ಅದಕ್ಕೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. 'ಲ್ಲ' ಬರಬೇಕಾದ ಕಡೆ ಲ, ಅದರ ಪಕ್ಕ ಒಂದು ಅರ್ಕಾವೊತ್ತಿನ ಹಾಗೆ ಏನೋ, ಮತ್ತೆ ಲ. ನಾನು ಹೊಸ ತಂತ್ರಾಂಶ ಹಿಡಿದಾಗೆಲ್ಲ ಮೊದಲು ನಾಲ್ಕು ಊರಿನ ಹೆಸರು ಬರೆದು ನೋಡುತ್ತೇನೆ. ಭಟ್ಕಳ, ಯಲ್ಲಾಪುರ, ಸಿದ್ದಾಪುರ, ಹೊನ್ನಾವರ. ನಮ್ಮ ಹನ್ನೆರಡರಲ್ಲಿ ಒತ್ತಕ್ಷರ ಇರುವುದು ಈ ನಾಲ್ಕಕ್ಕೇ. ಇವು ಸರಿಯಾಗಿ ಬಂದರೆ ಕೆಲಸ ಮುಂದುವರಿಸಬಹುದು. ಬರದಿದ್ದರೆ ಚಾರ್ಟನ್ನು ಎಸ್‌ವಿಜಿ ಅನ್ನುವ ಬಗೆಯ ಚಿತ್ರದ ಕಡತ ಮಾಡಿ, ಅಕ್ಷರಗಳನ್ನು ಅಕ್ಷರವಾಗಿಯೇ ಉಳಿಸಿ, ಬ್ರೌಸರಿನಲ್ಲಿ ತೆರೆಯಿರಿ. ಬ್ರೌಸರಿಗೆ ಒತ್ತು ಚೆನ್ನಾಗಿ ಬರುತ್ತದೆ. ಹಳೇ ನುಡಿ ಫಾಂಟಿನ, ಯುನಿಕೋಡ್ ಅಲ್ಲದ ಕಡತ ಇದ್ದರಂತೂ ಸಾರ್ಟ್ ಮಾಡಲಿಕ್ಕೇ ಹೋಗಬೇಡಿ. ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಕ್ರಮಕ್ಕೆ ತಲೆಬುಡ ಇರುವುದಿಲ್ಲ. ಮೊದಲು ಯುನಿಕೋಡಿಗೆ ತನ್ನಿ.

ಮಾತು ಮುಗಿದ ಮೇಲೆ ಒಬ್ಬ ಮೇಷ್ಟ್ರು ಕೇಳಿದರು, ಅಕ್ಷದ ಮೇಲೆ ಕನ್ನಡ ಅಂಕಿ ಹಾಕಬಹುದಾ ಅಂತ. ಖಂಡಿತ ಹಾಕಬಹುದು, ಆದರೆ ಪೂರ್ತಿ ಹಾಕಿ. ಅಕ್ಷದಲ್ಲಿ ಕನ್ನಡ ಅಂಕಿ, ಕಂಬದ ತುದಿಯಲ್ಲಿ ಇಂಗ್ಲಿಷ್ ಅಂಕಿ ಆಗಬಾರದು. ಮತ್ತೆ ಹಾಳೆಯಲ್ಲಿ ಕನ್ನಡ ಅಂಕಿ ಟೈಪ್ ಮಾಡಬೇಡಿ, ತಂತ್ರಾಂಶ ಅದನ್ನು ಅಕ್ಷರ ಅಂದುಕೊಂಡು ಕೂಡಿಸದೇ ಬಿಡಬಹುದು. ತೋರಿಸುವಾಗ ಮಾತ್ರ ಕನ್ನಡಕ್ಕೆ ತಿರುಗಿಸಿ.

ಮಳೆಯ ಚಾರ್ಟ್ ಏನಾಯ್ತು ಅಂತ ಒಬ್ಬ ಹುಡುಗಿ ಕೇಳಿದಳು. ಅದೇ ಸಭೆಯಲ್ಲಿ ಊಟದ ಹೊತ್ತಿಗೆ ಜೂನಿನಿಂದ ಜೋಡಿಸಿ ಮತ್ತೆ ತೋರಿಸಿದೆ. ಅಜ್ಜ ಸುಮ್ನೆ ನೋಡಿದರು. ಆಮೇಲೆ, ಜುಲೈ ಮಳೆ ಇಷ್ಟೇ ಅಲ್ಲ, ನಿನ್ನ ಲೆಕ್ಕ ಕಡಿಮೆ ಇದೆ ಅಂತ ಶುರು ಮಾಡಿದರು. ಪಕ್ಕದವರು ಇಲ್ಲ, ಸರಿ ಇದೆ ಅಂದರು. ಅರ್ಧ ಗಂಟೆ ಜಗಳ. ನನಗೆ ಖುಷಿಯಾಯಿತು. ಬೆಳಿಗ್ಗೆ ಅವರು ಜಗಳ ಆಡಿದ್ದು ಚಾರ್ಟಿನ ಜೊತೆ, ಮಧ್ಯಾಹ್ನ ಮಳೆಯ ಜೊತೆ.

ಕೊನೆಯ ಪ್ರಶ್ನೆ ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹೆಂಗಸಿನದು. ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರಂತೆ. "ಸರ್, ನಮ್ಮ ಸಂಘದಲ್ಲಿ ಹದಿನೈದು ಜನ. ಯಾರ ಉಳಿತಾಯ ಎಷ್ಟು ಅಂತ ಚಾರ್ಟ್ ಮಾಡಿ ಗೋಡೆಗೆ ಹಚ್ಚಬೇಕು. ನೀವು ಹೇಳಿದ ಹಾಗೆ ದೊಡ್ಡದರಿಂದ ಚಿಕ್ಕದಕ್ಕೆ ಹಾಕಿದ್ರೆ ಕೊನೆಯಲ್ಲಿ ಇರೋಳು ಮುಂದಿನ ವಾರ ಸಭೆಗೇ ಬರೋದಿಲ್ಲ."

ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಹಾಗಾದರೆ ಅಕಾರಾದಿಯಲ್ಲಿ ಹಾಕಿ ಅಂದೆ, ಇಷ್ಟು ಹೊತ್ತು ಬೈದದ್ದನ್ನೇ. ಅವರು ಯೋಚಿಸಿ ಅಂದರು, "ಬೇಡ ಸರ್, ಪಾಸ್‌ಬುಕ್ ನಂಬರ್ ಪ್ರಕಾರ ಹಾಕ್ತೇನೆ. ಹೆಸರೂ ಬರೆಯೋದಿಲ್ಲ, ನಂಬರ್ ಮಾತ್ರ. ಅವರವರ ನಂಬರ್ ಅವರವರಿಗೆ ಗೊತ್ತು."

ಅದನ್ನು ಅವರಿಂದಲೇ ಬೋರ್ಡಿನ ಮೇಲೆ ಬರೆಸಿದೆ. ಅಷ್ಟೊತ್ತಿಗೆ ಕರೆಂಟ್ ಬಂತು.